ಬಿಳಿ ಬಟ್ಟೆಯ ಸಾಲು

ಹದಿನಾರು
ನಂಜನಗೂಡು ತಾಲ್ಲೂಕು
12 ಮಾರ್ಚ್ 2023

ಚಿ. ಪವಿತ್ರಳಿಗೆ,

ಮೊದಲು ‘ಚಿ. ಸೌ.’ ಎಂದೇ ಬರೆದಿದ್ದೆ. ಸೊಸೆಗೆ ಬರೆಯುವುದು ಹಾಗೆ ಎಂದು ಕೈಗೆ ಗೊತ್ತು, ನಡೆದದ್ದು ಕೈಗೆ ಗೊತ್ತಿಲ್ಲ. ಎರಡನೆಯದರ ಮೇಲೆ ಗೀಟು ಎಳೆಯಲು ಮನಸ್ಸಾಗಲಿಲ್ಲ. ಹಾಳೆಯನ್ನೇ ಬದಲಾಯಿಸಿದೆ.

ಫೋನು ಮಾಡಿದರೆ ನೀನೂ ಸುಮ್ಮನಿರುತ್ತೀಯ, ನಾನೂ ಸುಮ್ಮನಿರುತ್ತೇನೆ. ನಿಮ್ಮ ಮನೆಯ ಫ್ಯಾನು ತಿರುಗುವ ಸದ್ದು ಮಾತ್ರ ಕೇಳುತ್ತದೆ. ಅದಕ್ಕೇ ನೀನು ಹೇಳಿದ ಹಾಗೆ ಗಿಡಗಳ ಸಮಾಚಾರವನ್ನು ಇನ್ನು ಕಾಗದದಲ್ಲಿ ಬರೆಯುತ್ತೇನೆ. ನರಸೀಪುರ ಇಲ್ಲಿಂದ ಎಷ್ಟು ದೂರ? ಬಸ್ಸು ಹತ್ತಿದರೆ ಬಂದೇಬಿಡಬಹುದು. ಆದರೆ ಅಮೃತೇಶನ ಬೈಕಿಗೆ ಲಾರಿ ಹೊಡೆದದ್ದು ಅದೇ ದಾರಿಯಲ್ಲಿ. ನೀನು ಆ ದಾರಿ ದಾಟಿ ಬರಲಾರೆ. ಬಾ ಎಂದು ನಾನು ಕರೆಯುವುದೂ ಇಲ್ಲ.

ನಿನ್ನ ತಮ್ಮ ಮದನ್ ಎರಡು ಕ್ಯಾನು ತಂದುಕೊಟ್ಟ. ಎರಡೂ ಒಂದೇ ಬಣ್ಣ, ಗಂಜಿ ಹುಳಿ ಬಂದಂಥ ಒಂದೇ ವಾಸನೆ. ಏನೋ ಇದು ಎಂದು ಕೇಳಿದೆ. “ಕೆಂಪು ಮುಚ್ಚಳದ್ದು ಜೀವ ಇರೋದು ಅತ್ತೆ, ಬಿಳಿ ಮುಚ್ಚಳದ್ದು ಸತ್ತೋಗಿರೋದು. ಕೆಂಪು ಬಟ್ಟೆ ಕಟ್ಟಿರೋ ಸಾಲಿಗೆ ಕೆಂಪು, ಬಿಳಿ ಸಾಲಿಗೆ ಬಿಳಿ. ಅದ್ಲು ಬದ್ಲಾದ್ರೆ ಅಕ್ಕ ನನ್ ಚರ್ಮ ಸುಲೀತಾಳೆ” ಎಂದ. ಅವನು ಹೇಳಿದಂತೆಯೇ ಹಾಕಿದೆ. ಸತ್ತದ್ದನ್ನು ಹಾಕುವಾಗ ಮುಖ ಆ ಕಡೆ ತಿರುಗಿಸಿಕೊಂಡೆ.

ರಸಬಾಳೆ ಗಿಡಗಳು ಸೊಂಟದುದ್ದ ಬಂದಿವೆ. ನನ್ನ ಮಗ ಕೊನೆಯದಾಗಿ ನೆಟ್ಟದ್ದು ಇವನ್ನೇ. ನಿನ್ನ ಡಾಕ್ಟರೇಟು ಇದರಿಂದ ಆಗಬೇಕು, ಅವನು ನೆಟ್ಟದ್ದೂ ವ್ಯರ್ಥ ಆಗಬಾರದು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮುಗಿಸಿ ದಿನವೂ ತೋಟಕ್ಕೆ ಹೋಗುತ್ತೇನೆ. ಬೇರೆ ಎಲ್ಲಿಗೂ ಹೋಗುವುದಿಲ್ಲ.

ಇಂತಿ,
ರುದ್ರಮ್ಮ


ಟಿ. ನರಸೀಪುರ
2 ಏಪ್ರಿಲ್ 2023

ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ಬಂತು. ಸೊಂಟದುದ್ದ ಎಂದರೆ ನನ್ನ ಸೊಂಟವೋ ನಿಮ್ಮದೋ? ತೋಟದ ಕೆಲಸದ ಮಾದೇಶನ ಕೈಯಲ್ಲಿ ಟೇಪು ಹಿಡಿಸಿ ಅಳೆಸಿ.

ಕ್ಯಾನುಗಳಲ್ಲಿ ಏನಿದೆ ಎಂದು ನಾನೇ ನಿಮಗೆ ಹೇಳಬೇಕಿತ್ತು. ಇವರು ಹೇಳಿರುತ್ತಾರೆ ಎಂದುಕೊಂಡಿದ್ದೆ. ಬಾಳೆಗೆ ಬೀಜವಿಲ್ಲ ಅಲ್ಲವೇ? ಬುಡದ ಕಂದನ್ನು ಕಿತ್ತು ಇನ್ನೊಂದು ಕಡೆ ನೆಡುತ್ತೇವೆ. ಹಾಗಾಗಿ ನಂಜನಗೂಡಿನ ರಸಬಾಳೆಯೆಲ್ಲ ಒಂದೇ ಗಿಡವಿದ್ದ ಹಾಗೆ. ಅಜ್ಜನ ಕಾಲದ ಗಿಡಕ್ಕೂ ನಮ್ಮ ಗಿಡಕ್ಕೂ ಒಳಗಿನ ಜೀನುಗಳಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ. ಸೊರಗು ರೋಗದ ಶಿಲೀಂಧ್ರ ಮಾತ್ರ ಬದಲಾಗುತ್ತಲೇ ಇರುತ್ತದೆ. ಬಾಳೆ ನಿಂತಲ್ಲೇ ನಿಂತಿದೆ, ರೋಗ ನಡೆಯುತ್ತಿದೆ. ಅದಕ್ಕೇ ತೋಟ ತೋಟವೇ ಹೋಗುವುದು.

ಆದರೆ ಬೇರಿನೊಳಗೆ ಕೆಲವು ಬ್ಯಾಕ್ಟೀರಿಯಾಗಳು ಬದುಕುತ್ತವೆ. ಬಾಳೆ ಅವಕ್ಕೆ ಸಿಹಿ ಕೊಡುತ್ತದೆ, ಅವು ಬಾಳೆಯನ್ನು ಕಾಯುತ್ತವೆ. ಬಾಳೆ ತಾನು ಬದಲಾಗಲಾರದು, ಅದರ ಮನೆಯಲ್ಲಿರುವ ಇವು ಬದಲಾಗಬಲ್ಲವು. ರೋಗಕ್ಕೆ ಎದುರು ನಿಲ್ಲುವ ಶಕ್ತಿಯನ್ನು ಬಾಳೆ ಇವುಗಳಿಂದ ಪಡೆಯುತ್ತದೆಯೇ ಎಂಬುದೇ ನನ್ನ ಪ್ರಶ್ನೆ. ಕೆಂಪು ಮುಚ್ಚಳದಲ್ಲಿರುವುದು ಅವೇ. ಬಿಳಿಯದರಲ್ಲಿ ಅವನ್ನೇ ಬೇಯಿಸಿ ಕೊಂದಿದ್ದೇನೆ.

ನಮ್ಮ ಆ ಮಡಿಯಲ್ಲಿ ಹಿಂದಿನ ಬೆಳೆ ಪೂರ್ತಿ ಸೊರಗಿತ್ತು. ಬೇಕೆಂದೇ ಅದನ್ನು ಆರಿಸಿಕೊಂಡೆವು. ಬಿಳಿ ಸಾಲಿಗೆ ರೋಗ ಬಂದರೆ ಹೆದರಬೇಡಿ. ಬರಲಿ ಅಂತಲೇ ಬಿಟ್ಟಿರುವುದು.

ನಿಮ್ಮ ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರಾ?

ನಿಮ್ಮ ಸೊಸೆ,
ಪವಿತ್ರ


ಹದಿನಾರು
1 ಜುಲೈ 2023

ಚಿ. ಪವಿತ್ರಳಿಗೆ,

ಬರೆಯುವುದು ತಡವಾಯಿತು. ಶಾಲೆ ಶುರುವಾಗಿದೆ. ಒಲೆಯ ಮುಂದೆ ನಿಂತು ನಿಂತು ಸಂಜೆಗೆ ಬೆರಳು ಮಡಿಸಲಾಗುವುದಿಲ್ಲ.

ಗಿಡಗಳೆಲ್ಲ ಚೆನ್ನಾಗಿವೆ. ಎಲ್ಲಿಯೂ ಎಲೆ ಹಳದಿಯಾಗಿಲ್ಲ. ಪಕ್ಕದ ನಾಗಯ್ಯನ ತೋಟದಲ್ಲಿ ಅರ್ಧಕ್ಕರ್ಧ ಎಲೆ ಜೋತುಬಿದ್ದಿವೆ. ಮೊನ್ನೆ ಬೇಲಿಯ ಹತ್ತಿರ ನಿಂತು ನಮ್ಮ ಕಡೆಯೇ ನೋಡುತ್ತಿದ್ದ.

“ಏನ್ ರುದ್ರಕ್ಕ, ನಿನ್ ಗಿಡಕ್ಕೆ ಅದೇನ್ ಕುಡುಸ್ತಿದ್ದೀಯೆ? ನಂಗೂ ಒಂದ್ ಲೋಟ ಕೊಡು. ಸೊಂಟ ನೋವಾದ್ರೂ ಓಯ್ತದೆ.”

“ಸೊಸೆ ಕಳ್ಸಿರೋದು ಕಣಪ್ಪ. ಅವ್ಳುನ್ನೇ ಕೇಳು.”

“ನಿನ್ ಸೊಸೆ ಊರ್ಗೇ ಬರಲ್ಲ, ಇನ್ ಕೇಳೋದೆಲ್ಲಿಂದ” ಎಂದು ನಕ್ಕ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

ಆರೇಳು ಗಿಡ ಹೂ ಹಾಕಿವೆ. ಬಿಳಿ ಸಾಲಿನವೂ ಸಮಸಮ ಬಂದಿವೆ. ನಾನು ಭೇದ ಮಾಡಲಿಲ್ಲ, ಎಲ್ಲಕ್ಕೂ ಜೀವ ಇರುವುದನ್ನೇ ಹಾಕುತ್ತಿದ್ದೇನೆ. ಸಾಲದೇ ಬಂದರೆ ಸ್ವಲ್ಪ ಬೆಲ್ಲದ ನೀರು ಬೆರೆಸುತ್ತೇನೆ. ನೀನು ಇನ್ನೊಂದು ಕೆಂಪು ಮುಚ್ಚಳದ ಕ್ಯಾನು ಜಾಸ್ತಿ ಕಳಿಸಿದರೆ ಒಳ್ಳೆಯದು.

ಇಂತಿ,
ರುದ್ರಮ್ಮ


ಟಿ. ನರಸೀಪುರ
6 ಜುಲೈ 2023

ಅತ್ತೆ,

ಯಾವಾಗಿನಿಂದ? ಬಿಳಿ ಸಾಲಿನ ಎಲ್ಲ ಗಿಡಗಳಿಗೂ ಹಾಕಿದ್ದೀರಾ? ಒಂದನ್ನಾದರೂ ಬಿಟ್ಟಿದ್ದೀರಾ?

ನಾನು ಬರೆಯುವವರೆಗೆ ಯಾವುದಕ್ಕೂ ಏನೂ ಹಾಕಬೇಡಿ.

ಪವಿತ್ರ


ಹದಿನಾರು
11 ಜುಲೈ 2023

ಪವಿತ್ರಾ,

ನಿನ್ನ ಕಾಗದ ನೋಡಿ ಭಯವಾಯಿತು. ನಾನು ಏನು ಮಾಡಿದೆ ಎಂದು ಇನ್ನೂ ಸರಿಯಾಗಿ ತಿಳಿದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಿನ್ನ ಏಪ್ರಿಲ್ ಕಾಗದ ಬಂದಾಗಿನಿಂದ. ಬರಲಿ ಅಂತಲೇ ಬಿಟ್ಟಿರುವುದು ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ತೋಟಕ್ಕೆ ಹೋದೆ. ಬಿಳಿ ಬಟ್ಟೆ ಕಟ್ಟಿದ ಗಿಡಗಳು ಗಾಳಿಗೆ ಆಡುತ್ತಿದ್ದವು. ಅವಕ್ಕೇನು ಗೊತ್ತು? ಅವನೇ ಗುಂಡಿ ತೋಡಿ, ಅವನೇ ಮಣ್ಣು ಅದುಮಿದ ಗಿಡಗಳು ತಾನೆ ಅವೂ?

ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ಕೂರಿಸುತ್ತೇವೆ. ಸೌಟು ಹಿಡಿದು ಹೊರಟರೆ ಈ ತುದಿಯಿಂದ ಆ ತುದಿಯವರೆಗೆ ಎಲ್ಲ ತಟ್ಟೆಗೂ ಬೀಳಬೇಕು. ಸಾಂಬಾರು ಕಡಿಮೆ ಬಿದ್ದರೆ ನೀರು ಬೆರೆಸುತ್ತೇನೆಯೇ ಹೊರತು ಒಂದು ತಟ್ಟೆಯನ್ನು ಬಿಟ್ಟು ಮುಂದೆ ಹೋದವಳಲ್ಲ. ಪಂಕ್ತಿಭೇದ ಮಾಡಿದವರ ಕೈಯ ಅನ್ನ ದೇವರಿಗೂ ಸೇರುವುದಿಲ್ಲ ಎಂದು ನಮ್ಮತ್ತೆ ಹೇಳುತ್ತಿದ್ದರು.

ಮಾದೇಶ ಬೇಡವೆಂದೇ ಹೇಳಿದ. “ಅವ್ವಾ, ಬಿಳಿ ಬಟ್ಟೆ ಕಡೀಕೆ ಇದ್ನ ಉಯ್ಯಬ್ಯಾಡ ಅಂದಿದ್ರು ಅಮೃತಣ್ಣ.”

“ಅವ್ನಿಲ್ಲ ಈಗ. ಉಯ್ಯಿ” ಎಂದೆ.

ಅವನು ಕ್ಯಾನು ಎತ್ತಿಕೊಂಡ. ಎಲ್ಲ ಗಿಡಕ್ಕೂ ಹಾಕಿದೆವು. ಒಂದನ್ನೂ ಬಿಟ್ಟಿಲ್ಲ.

ಇಂತಿ,
ರುದ್ರಮ್ಮ


ಟಿ. ನರಸೀಪುರ
3 ಸೆಪ್ಟೆಂಬರ್ 2023

ಅತ್ತೆಯವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯಲಿಲ್ಲ. ಸಿಟ್ಟು ಇಳಿಯಲಿ ಎಂದು ಕಾದೆ.

ಬಿಳಿ ಸಾಲು ಸೊರಗಿ ಕೆಂಪು ಸಾಲು ಉಳಿದಿದ್ದರೆ, ಉಳಿಸಿದ್ದು ಈ ಬ್ಯಾಕ್ಟೀರಿಯಾ ಎಂದು ಹೇಳಬಹುದಿತ್ತು. ಈಗ ಎಲ್ಲವೂ ಉಳಿದಿವೆ. ಬ್ಯಾಕ್ಟೀರಿಯಾದಿಂದಲೋ, ಬೆಲ್ಲದ ನೀರಿನಿಂದಲೋ, ಆ ಮಡಿಯಲ್ಲಿ ರೋಗವೇ ಸತ್ತಿತ್ತೋ, ಯಾರೂ ಹೇಳಲಾರರು. ಮೈಸೂರಿಗೆ ಹೋಗಿ ನಮ್ಮ ಗೈಡ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟರು. ಮೊದಲಿನಿಂದ ಮಾಡು ಎಂದರು. ಅಂದರೆ ಇನ್ನೆರಡು ವರ್ಷ.

ಮಾಡುತ್ತೇನೆ. ಅದೇ ತೋಟದಲ್ಲೇ ಮಾಡುತ್ತೇನೆ. ನೀವು ಗಾಬರಿಯಾಗಬೇಡಿ, ತೋಟ ಎಲ್ಲಿಗೂ ಹೋಗುವುದಿಲ್ಲ.

ರಾತ್ರಿ ನಿದ್ದೆ ಬರದಿದ್ದರೆ ಓದುತ್ತೇನೆ. ಅವರೆ ಗಿಡಕ್ಕೆ ಮುತ್ತುವ ಹೇನು ಗೊತ್ತಲ್ಲ, ಅದರ ಮೈಯೊಳಗೂ ಬ್ಯಾಕ್ಟೀರಿಯಾ ಇರುತ್ತದೆ. ಹೇನಿಗೆ ಸಿಗದ ಪೋಷಣೆಯನ್ನು ಅದು ತಯಾರಿಸಿ ಕೊಡುತ್ತದೆ, ಹೇನು ಅದಕ್ಕೆ ಜಾಗ ಕೊಡುತ್ತದೆ. ಕೋಟ್ಯಂತರ ವರ್ಷಗಳ ಒಪ್ಪಂದ. ಹಾಗೆ ಒಳಗೇ ಇದ್ದು ಇದ್ದು, ಹೊರಗೆ ಬದುಕಲು ಬೇಕಾದ ಜೀನುಗಳನ್ನು ಅದು ಒಂದೊಂದಾಗಿ ಕಳೆದುಕೊಂಡುಬಿಟ್ಟಿದೆ. ಈಗ ಹೊರಗೆ ತೆಗೆದರೆ ಅದು ಸಾಯುತ್ತದೆ. ಅದಿಲ್ಲದಿದ್ದರೆ ಹೇನಿನ ವಂಶವೂ ಮುಂದುವರಿಯದು. ಪುಸ್ತಕದಲ್ಲಿ ಇದಕ್ಕೆ ಸಹಕಾರ ಎಂದೇ ಹೆಸರು.

ಯಾಕೆ ಬರೆದೆನೋ ಗೊತ್ತಿಲ್ಲ.

ನಿಮ್ಮ ಸೊಸೆ,
ಪವಿತ್ರ


ಹದಿನಾರು
29 ಅಕ್ಟೋಬರ್ 2023

ಚಿ. ಪವಿತ್ರಳಿಗೆ,

ನಿನ್ನ ಹಿಂದಿನ ಕಾಗದ ಓದಿ ನನಗೆ ಮೊದಲು ಬಂದದ್ದು ದುಃಖವಲ್ಲ, ಸಂತೋಷ. ಇನ್ನೆರಡು ವರ್ಷ ನಿನ್ನ ಕಾಗದ ಬರುತ್ತದೆ, ನಿನ್ನ ಕ್ಯಾನು ಬರುತ್ತದೆ, ನೀನು ನಮ್ಮವಳಾಗಿಯೇ ಇರುತ್ತೀಯ ಎಂದು. ನಿನ್ನ ಓದು ಹಾಳು ಮಾಡಿದವಳಿಗೆ ಸಂತೋಷವಾಗುವುದೇ? ಅದನ್ನು ನೋಡಿ ನನಗೇ ಹೇಸಿಗೆಯಾಯಿತು. ನಿನ್ನ ಮುಖ ನೋಡಿ ತಪ್ಪಾಯಿತು ಎಂದು ಹೇಳೋಣ ಅಂತ ಹೋದ ಗುರುವಾರ ನರಸೀಪುರಕ್ಕೆ ಬಂದೆ. ಆ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡೆ. ಬಸ್ಸು ಅಲ್ಲಿ ನಿಲ್ಲಲಿಲ್ಲ, ಎಲ್ಲ ಕಡೆ ಹೋದ ಹಾಗೇ ಹೋಯಿತು.

ನೀನು ಮೈಸೂರಿಗೆ ಹೋಗಿದ್ದೆ. ನಿಮ್ಮಮ್ಮ ಅಕ್ಕಿ ಆರಿಸುತ್ತಿದ್ದರು. ಬಂದೆನೆಂದು ಹೇಳಬೇಡಿ ಎಂದು ಹೇಳಿಯೇ ಹೊರಟಿದ್ದೆ. ಈಗ ನಾನೇ ಹೇಳುತ್ತಿದ್ದೇನೆ. ನಿಮ್ಮಮ್ಮ ಕಾಫಿ ಕೊಟ್ಟರು. ಲೋಟ ಕೆಳಗಿಡುವ ಮೊದಲೇ ಕೇಳಿದರು.

“ರುದ್ರಕ್ಕ, ಬೇಜಾರ್ ಮಾಡ್ಕೊಬ್ಯಾಡಿ. ನಮ್ ಮಗೀನ ಯಾವಾಗ ಬುಡ್ತೀರಿ?”

“ನಾನೇನ್ ಕಟ್ಟಾಕಿದ್ದೀನಾ ಮಂಗಳಕ್ಕ? ಅವ್ಳ ಓದು ಅಂತಾನೆ ದಿನಾ ಬಿಸ್ಲಲ್ಲಿ ಒಣಗ್ತಾ ಇವ್ನಿ. ಇಲ್ದಿದ್ರೆ ನಂಗ್ಯಾಕೆ ಬೇಕಿತ್ತು ಆ ತ್ವಾಟ? ಅಲ್ಲಿ ಓದ್ರೆ ಅವನೇ ಕಣ್ಮುಂದೆ ಬತ್ತಾನೆ.”

ಅವರು ಮೊರ ಕೆಳಗಿಟ್ಟರು. “ಅವ್ಳ್ ಓದಾ? ತಿರುಚ್ಚಿಯೋರು ಕೆಲ್ಸಕ್ಕೆ ಬಾ ಅಂತ ಎಲ್ಡ್ ಸತಿ ಕರ್ದವ್ರೆ. ಅಲ್ಲೇ ಬಾಳೆ ಗಿಡ ಅವಂತೆ, ಅಲ್ಲೇ ಓದೂ ಮುಗುಸ್ಬೋದಂತೆ. ಅತ್ತೆಗೆ ಉಳ್ದಿರೋದು ಆ ತ್ವಾಟ ಒಂದೇ, ನಾನ್ ಓದ್ರೆ ಅವ್ರು ಬದ್ಕಾಕಿಲ್ಲ ಅಂತ ಕೂತವ್ಳೆ. ನೀವ್ ನೋಡುದ್ರೆ ಇಂಗಂತೀರಿ!”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಮೇಲೆ ನಿಮ್ಮಮ್ಮನಿಗೆ ಅಳು ಬಂತು. ನನಗೆ ಬರಲಿಲ್ಲ.

ತಿರುಚ್ಚಿಯ ವಿಷಯ ನೀನು ಬರೆಯಲೇ ಇಲ್ಲ. ನನಗೋಸ್ಕರ ನೀನು ನಿಂತೆ, ನಿನಗೋಸ್ಕರ ನಾನು ನಿಂತೆ. ಪವಿತ್ರಾ, ನೀನು ಬರೆದ ಆ ಹೇನಿನ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ.

ಇಂತಿ,
ರುದ್ರಮ್ಮ


ಟಿ. ನರಸೀಪುರ
8 ನವೆಂಬರ್ 2023

ಅತ್ತೆಯವರಿಗೆ ನಮಸ್ಕಾರಗಳು.

ಅಮ್ಮನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅವರಿಗೆ ಎಲ್ಲವನ್ನೂ ಜೋರಾಗಿ ಹೇಳುವ ಚಾಳಿ. ತಿರುಚ್ಚಿಯ ಬಾಳೆ ಸಂಶೋಧನಾ ಕೇಂದ್ರದವರು ಡಿಸೆಂಬರ್ ಕೊನೆಯವರೆಗೆ ಸಮಯ ಕೊಟ್ಟಿದ್ದಾರೆ, ನಿಜ. ಬರುವುದಿಲ್ಲ ಎಂದು ಬರೆಯುತ್ತೇನೆ. ಇದು ನಾನೇ ಮಾಡಿದ ನಿರ್ಧಾರ, ನಿಮ್ಮ ಮೇಲೆ ಯಾವ ಭಾರವೂ ಇಲ್ಲ.

ಜನವರಿಗೆ ಹೊಸ ಗಿಡ ಬರುತ್ತವೆ. ಅಷ್ಟರಲ್ಲಿ ಹಳೆಯ ಗೊನೆಗಳನ್ನು ಇಳಿಸಿ. ಸಾಲುಗಳ ಗುರುತಿನ ಕಂಬಗಳನ್ನು ಮಾತ್ರ ಕೀಳಬೇಡಿ. ದಾರ ಹಿಡಿದು ಅಳತೆ ಹಾಕಿ ಇವರು ನೆಟ್ಟ ಕಂಬಗಳು. ಹೊಸ ಸಾಲುಗಳೂ ಅದೇ ಜಾಗದಲ್ಲಿ ಬರಲಿ.

ಒಂದೇ ಒಂದು ಕೇಳುತ್ತೇನೆ. ಈ ಸಲ ಬಿಳಿ ಸಾಲು ಸಾಯುತ್ತಿದ್ದರೆ ನೋಡಿಕೊಂಡು ಸುಮ್ಮನಿರುತ್ತೀರಾ? ಆಗುತ್ತದೆ ಎಂದರೆ ಆಗುತ್ತದೆ ಎಂದು ಬರೆಯಿರಿ. ನಾನು ನಂಬುತ್ತೇನೆ.

ನಿಮ್ಮ ಸೊಸೆ,
ಪವಿತ್ರ


ಹದಿನಾರು
10 ಡಿಸೆಂಬರ್ 2023

ಪವಿತ್ರಾ,

ಆಗುವುದಿಲ್ಲ.

ಗೊನೆಗಳನ್ನು ಇಳಿಸಿ ಹಣ್ಣು ಮಾಡಿ ಶಾಲೆಗೆ ಒಯ್ದೆ. ಆಮೇಲೆ ಮಾದೇಶನನ್ನು ಕರೆದುಕೊಂಡು ಹೋಗಿ ಎಲ್ಲ ಗಿಡಗಳನ್ನೂ ಅಗೆಸಿದೆ. ಕಂಬಗಳನ್ನೂ ಕೀಳಿಸಿದೆ. ಅವನು ಗುದ್ದಲಿ ಎತ್ತಲು ಹಿಂಜರಿದ. “ಅವ್ವಾ, ಅಕ್ಕಾವ್ರಿಗೆ ಒಂದ್ ಫೋನ್ ಮಾಡಿ” ಎಂದ. ಮೊದಲನೆಯ ಗಿಡವನ್ನು ನಾನೇ ಅಗೆದೆ.

ಕೊನೆಗೆ ಗಡ್ಡೆ ಸೀಳಿ ನೋಡಬೇಕು ಎಂದು ನೀವಿಬ್ಬರೂ ಜಗಲಿಯ ಮೇಲೆ ಮಾತಾಡಿಕೊಳ್ಳುತ್ತಿದ್ದದ್ದು ನೆನಪಿತ್ತು. ಒಂದೊಂದನ್ನೂ ಮಚ್ಚಿನಲ್ಲಿ ಸೀಳಿದೆವು. ಕೆಲವು ಒಳಗೆ ಬೆಣ್ಣೆಯ ಹಾಗೆ ಬೆಳ್ಳಗಿದ್ದವು. ಕೆಲವಕ್ಕೆ ನಡುವಿನಲ್ಲಿ ಕೆಂಪು ಕಂದು ಗೆರೆಗಳು. ಹೊರಗೆ ಅಷ್ಟು ಹಸಿರಾಗಿ ನಿಂತು ಗೊನೆ ಕೊಟ್ಟವಕ್ಕೂ ಒಳಗೆ ರೋಗ ಸೇರಿತ್ತು. ಎರಡೂ ಸಾಲಿನಲ್ಲೂ ಅಂಥವು ಇದ್ದವು. ಇದು ನಿನ್ನ ಲೆಕ್ಕಕ್ಕೆ ಬರುವುದಿಲ್ಲವೆಂದು ಗೊತ್ತು. ಕೆಡಿಸಿದವಳು ನಾನೇ. ಆದರೂ ಬರೆಯುತ್ತಿದ್ದೇನೆ.

ಆ ಮಡಿಯನ್ನು ನಾಗಯ್ಯನಿಗೆ ಮೂರು ವರ್ಷದ ಮಟ್ಟಿಗೆ ವಾರಕ್ಕೆ, ಬೆಳೆಯಲ್ಲಿ ಅರ್ಧ ನಮಗೆ ಅರ್ಧ ಅವನಿಗೆ ಎಂದು ಕೊಟ್ಟಿದ್ದೇನೆ. ಊರಿನವರ ಮುಂದೆ ಮಾತಾಗಿದೆ. ಅವನು ಭತ್ತ ಹಾಕುತ್ತಾನೆ. ಜನವರಿಯಲ್ಲಿ ನೀನು ಗಿಡ ತಂದರೂ ನೆಡಲು ಇಲ್ಲಿ ನೆಲವಿಲ್ಲ.

ತಿರುಚ್ಚಿಗೆ ಬರೆದು ಬರುತ್ತೇನೆ ಎಂದು ಹೇಳು. ಇನ್ನೂ ದಿನವಿದೆ.

ಇಂತಿ,
ರುದ್ರಮ್ಮ


ತಿರುಚ್ಚಿ
18 ಫೆಬ್ರವರಿ 2024

ಅತ್ತೆ,

ಇಲ್ಲಿಗೆ ಬಂದು ಒಂದು ತಿಂಗಳಾಯಿತು. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಕೂತೆ. ಆಗಲಿಲ್ಲ. ಇನ್ನೂ ಆಗಿಲ್ಲ.

ನೆಲ ನಿಮ್ಮದು, ಯಾರಿಗೆ ಬೇಕಾದರೂ ಕೊಡಿ. ಆದರೆ ಅಗೆಯುವ ಮೊದಲು ನನ್ನನ್ನು ಒಂದು ಮಾತು ಕೇಳಲಿಲ್ಲ. ಅವರು ನೆಟ್ಟದ್ದನ್ನು ನಾನೂ ಒಂದು ಸಲ ಮುಟ್ಟಬೇಕಿತ್ತು. ಆ ದಾರಿಯಲ್ಲಿ ಬರಲಾರದೆ ಒಂದು ವರ್ಷ ಕೂತಿದ್ದೆ, ನಿಜ. ಅದಕ್ಕಾದರೂ ಬರುತ್ತಿದ್ದೆನೇನೋ. ಆ ಅವಕಾಶವನ್ನು ನೀವು ನನಗೆ ಕೊಡಲಿಲ್ಲ.

ಇಲ್ಲಿ ನೂರಾರು ಜಾತಿಯ ಬಾಳೆ ಇದೆ. ಕಾಡಿನ ಬಾಳೆಯಲ್ಲಿ ಮೆಣಸಿನ ಕಾಳಿನಷ್ಟು ದಪ್ಪ ಬೀಜಗಳಿರುತ್ತವೆ. ಮೊದಲ ಸಲ ಬಾಯಿಗೆ ಹಾಕಿಕೊಂಡು ಹಲ್ಲು ನೋಯಿಸಿಕೊಂಡೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಇವರ ವಿಷಯ ಇಲ್ಲಿ ಯಾರಿಗೂ ಹೇಳಿಲ್ಲ. ಹೋದ ವಾರ ಒಂದು ದಿನ ಮಧ್ಯಾಹ್ನದ ಊಟದವರೆಗೂ ಇವರ ನೆನಪೇ ಬರಲಿಲ್ಲ. ಅದು ಗೊತ್ತಾದಾಗ ಹೆದರಿಕೆಯಾಯಿತು. ಇದನ್ನು ನಿಮಗಲ್ಲದೆ ಯಾರಿಗೆ ಹೇಳಲಿ?

ಪವಿತ್ರ


ಹದಿನಾರು
3 ಮಾರ್ಚ್ 2024

ಚಿ. ಪವಿತ್ರಳಿಗೆ,

ಹೆದರಬೇಡ. ಒಂದು ಮಧ್ಯಾಹ್ನ ಮರೆತೆ ಎಂದು ಅವನೇನೂ ಕೋಪ ಮಾಡಿಕೊಳ್ಳುವವನಲ್ಲ. ನನಗೆ ಅಂಥ ದಿನ ಬಂದಿಲ್ಲ. ಬರುವುದೂ ಇಲ್ಲವೇನೋ. ನಿನಗೆ ಬಂತಲ್ಲ ಎಂದು ಓದಿ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ.

ಅಡುಗೆ ಮುಗಿದ ಮೇಲೆ ಈಗಲೂ ಕಾಲು ಆ ಕಡೆಗೇ ಹೋಗುತ್ತದೆ. ಭತ್ತ ಮೊಣಕಾಲುದ್ದ ಬಂದಿದೆ. ನಾಗಯ್ಯ ನನ್ನನ್ನು ಕಂಡು “ಇದ್ಯಾಕ್ ರುದ್ರಕ್ಕ, ಬದು ಮೇಲೆ ಬೆದ್ರುಬೊಂಬೆ ಇದ್ದಂಗೆ ನಿಂತೀಯೆ? ಅಕ್ಕಿ ಪಕ್ಕಿ ಓಡ್ಸುಕ್ಕೆ ಸಂಬಳ ಕೇಳ್ಬೇಡ ಮತ್ತೆ” ಎನ್ನುತ್ತಾನೆ. “ಸುಮ್ನೆ ಬಂದೆ ಕಣಪ್ಪ” ಎಂದು ತಿರುಗಿ ಬರುತ್ತೇನೆ. ಮಾರನೆಯ ದಿನ ಮತ್ತೆ ಹೋಗುತ್ತೇನೆ.

ನೀನು ಕ್ಷಮಿಸಬೇಕಾಗಿಲ್ಲ. ಅವನು ನೆಟ್ಟದ್ದನ್ನು ನೀನೂ ಮುಟ್ಟಬೇಕಿತ್ತು, ಅದು ನಿಜ. ನಿನ್ನನ್ನು ಕೇಳದೆ ಅಗೆದೆ, ಅದೂ ನಿಜ. ಕೇಳಿದ್ದರೆ ನೀನು ಬರುತ್ತಿದ್ದೆ. ನೀನು ಬಂದಿದ್ದರೆ ನಿನ್ನನ್ನು ಹೋಗಲು ನಾನು ಬಿಡುತ್ತಿರಲಿಲ್ಲ.

ಇಂತಿ,
ರುದ್ರಮ್ಮ